ಮೂರು ಅರ್ಜಿ ಬರೆದ ಮೇಲೆ

ಅರಸನ ವಿರುದ್ಧ ದಂಗೆ ಏಳುವುದು ಎಂದಾದರೂ ಸರಿಯೇ ಎಂಬ ಪ್ರಶ್ನೆಯನ್ನು ಐದು ಅಂಕದ ಉತ್ತರಕ್ಕೆ ಮುಗಿಸದೆ, ಮೂವತ್ತೆರಡು ವರ್ಷ ತರಗತಿಯಲ್ಲಿ ಜೀವಂತವಾಗಿಟ್ಟ ರಾಜ್ಯಶಾಸ್ತ್ರದ ಅಧ್ಯಾಪಕರು ನಮ್ಮ ಸೀಮೆಯಲ್ಲಿ ಒಬ್ಬರೇ: ಹೆಡತಲೆಯ ಶ್ರೀ ಪುಟ್ಟಬಸವಯ್ಯನವರು. ಈ ತಿಂಗಳು ನಂಜನಗೂಡಿನಲ್ಲಿ ನಿವೃತ್ತರಾಗುತ್ತಿರುವ ಅವರ ತರಗತಿಗೆ ಒಂದು ಕಟ್ಟಳೆಯಿತ್ತು. ದಂಗೆಯ ಪರ ವಾದಿಸುವವರು ಮೊದಲು ಅರಸನ ಪರ ಮಾತಾಡಬೇಕು, ಅದೂ ಅರಸನೇ ತಲೆದೂಗುವಂತೆ. ಆಮೇಲೆ ಮೂರು ಅರ್ಜಿ ಬರೆಯಬೇಕು. ಮೂರಕ್ಕೂ ಉತ್ತರ ಬಾರದಿದ್ದರೆ ಮಾತ್ರ ಎದ್ದು ನಿಲ್ಲಬಹುದು. ಬಿಸಿರಕ್ತದವರಿಗೆ ಇದು ಮೂಗಿಗೆ ತುಪ್ಪ ಸವರುವ ಉಪಾಯದಂತೆ ಕಾಣುತ್ತಿತ್ತು.

ಮೂಗೂರಿನ ತಿಮ್ಮಯ್ಯನವರ ಮಗಳು ವನಿತಾಗೂ ಹಾಗೇ ಕಂಡಿತ್ತು. ಮೇಷ್ಟ್ರು ತಿ. ನರಸೀಪುರದ ಕಾಲೇಜೊಂದರಲ್ಲಿದ್ದಾಗ ಅವಳು ಅವರ ವಿದ್ಯಾರ್ಥಿನಿ. ಆ ವರ್ಷ ಬಂದ ಹೊಸ ಪ್ರಾಂಶುಪಾಲರು ಬೆಳಗ್ಗೆ ಒಂಬತ್ತಕ್ಕೇ ಗೇಟಿಗೆ ಬೀಗ ಹಾಕಿಸತೊಡಗಿದರು. ಮೂಗೂರಿನ ಬಸ್ಸು ಬರುವುದೇ ಒಂಬತ್ತೂಕಾಲಿಗೆ. ಹಾಜರಿ ಸಾಲದೆ ಆ ಬಸ್ಸಿನಲ್ಲಿ ಬರುವ ಹನ್ನೊಂದು ಹುಡುಗಿಯರಿಗೆ ಪರೀಕ್ಷೆ ತಪ್ಪುವ ಹಾಗಾಯಿತು. ಪರೀಕ್ಷೆ ತಪ್ಪಿದರೆ ಓದು ಸಾಕು, ಮದುವೆಯೇ ಸರಿ ಎಂದು ತಿಮ್ಮಯ್ಯ ಮಗಳಿಗೆ ಆಗಲೇ ಹೇಳಿಬಿಟ್ಟಿದ್ದರು.

“ಬೀಗ ಒಡೆದಾಕ್ಬುಡ್ತೀವಿ ಸಾ,” ಎಂದಳು ವನಿತಾ.

“ಮೊದ್ಲು ಅವರ ಕಡೆ ಮಾತಾಡಮ್ಮ,” ಎಂದರು ಮೇಷ್ಟ್ರು.

ಹಲ್ಲು ಕಚ್ಚಿಕೊಂಡೇ ಆಡಿದಳು: ಶಿಸ್ತು ಬೇಕು, ಹೊತ್ತುಗೊತ್ತಿಲ್ಲದೆ ಬರುವವರಿಂದ ಪಾಠ ಕೆಡುತ್ತದೆ. ಆಡುತ್ತಾ ಆಡುತ್ತಾ, ಪ್ರಾಂಶುಪಾಲರಿಗೆ ಬಸ್ಸಿನ ವೇಳೆಯೇ ತಿಳಿದಿರಲಾರದು ಎಂದು ಅವಳಿಗೇ ಹೊಳೆಯಿತು. ಅದನ್ನೇ ಅರ್ಜಿಯಲ್ಲಿ ಬರೆದಳು. ಮೂರು ಸಲ ಬರೆದಳು. ಉತ್ತರ ಬರಲಿಲ್ಲ.

ಮೂರನೆಯ ಅರ್ಜಿಗೆ ವಾರ ತುಂಬಿದ ಬೆಳಗ್ಗೆ ಪುಟ್ಟಬಸವಯ್ಯನವರು ಹಾಜರಿ ಪುಸ್ತಕ ಹಿಡಿದು ಗೇಟಿನಾಚೆಯ ಹೊಂಗೆ ಮರದ ಕೆಳಗೆ ನಿಂತು, ಹನ್ನೊಂದು ಹೆಸರನ್ನೂ ಕೂಗಿ ಪಾಠ ಶುರುಮಾಡಿದರು. ಎರಡು ದಿನದಲ್ಲಿ ಉಳಿದ ಅಧ್ಯಾಪಕರೂ ಒಬ್ಬೊಬ್ಬರಾಗಿ ಹೊರಗೆ ಬಂದರು. ಪ್ರಾಂಶುಪಾಲರು ಕೆಂಡವಾದರು.

“ಏನ್ರೀ, ನನ್ನ ಮೇಲೆ ದಂಗೆಯಾ?”

“ಹೌದು ಸಾರ್. ಮಕ್ಳನ್ನ ಕಾಯ್ಬೇಕಾದೋರೇ ಬಾಗ್ಲು ಹಾಕ್ಕೊಂಡ್ರೆ ಇನ್ನೇನ್ ಮಾಡಾಣ? ಶಿಕ್ಷೆ ನಂಗ್ ಕೊಡಿ, ಹಾಜರಿ ಮಾತ್ರ ಅಳಿಸ್ಬೇಡಿ.”

ಹಾಜರಿ ಉಳಿಯಿತು. ಮೇಷ್ಟ್ರಿಗೆ ದೂರದೂರಿಗೆ ವರ್ಗವಾಯಿತು. ಹಾಗಾದರೆ ಪರೀಕ್ಷೆಗೇ ಕೂರುವುದಿಲ್ಲ ಎಂದು ವನಿತಾ ಹಟ ಹಿಡಿದಳು.

“ನನ್ನೊಬ್ಬನಿಗೋಸ್ಕರ ದಂಗೆ ಬ್ಯಾಡ ಕಣಮ್ಮ. ಹೋಗಿ ಬರೀರಿ,” ಎಂದು ಅವರು ಬಸ್ಸು ಹತ್ತಿದರು.

ಹನ್ನೊಂದು ಜನವೂ ಬರೆದರು, ಕಣ್ಣೊರೆಸಿಕೊಂಡೇ ಬರೆದರು.

ಇಂದು ತಾವೂ ಅಧ್ಯಾಪಕಿಯಾಗಿರುವ ವನಿತಾ ಅವರು ಆ ಕೊನೆಯ ಮಾತನ್ನು ಮಾತ್ರ ಈವರೆಗೂ ಒಪ್ಪಿಲ್ಲ. ಅನ್ಯಾಯ ಒಬ್ಬರಿಗಾದರೂ ಅನ್ಯಾಯವೇ ಎಂಬುದು ಅವರ ವಾದ. ಗುರುಗಳು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ನಿವೃತ್ತಿಯೆಂದು ಜಾರಿಕೊಳ್ಳದೆ ಶಿಷ್ಯೆಯ ಎದುರು ಕೂತು ಆ ವಾದಕ್ಕೆ ಉತ್ತರ ಕೊಡಲಿ. ಈ ಸಲ ವನಿತಾ ಸೋಲುವುದಿಲ್ಲ.