ಮೊದಲು ಆರಿದ ಜಾಗ

ನನ್ನ ಲ್ಯಾಪ್‌ಟಾಪನ್ನು ಬಿಚ್ಚಿಯೂ ನೋಡದೆ ‘ಪರೀಕ್ಷಿಸಲಾಗಿದೆ, ಮದರ್‌ಬೋರ್ಡ್ ಹೋಗಿದೆ’ ಎಂದು ಚಿಕ್ಕೋಡಿಯ ಸರ್ವಿಸ್ ಸೆಂಟರಿನವರು ಚೀಟಿ ಬರೆದು ಸಹಿ ಹಾಕಿಕೊಟ್ಟರು. ಮೆಮೊರಿಯೂ ಬೋರ್ಡಿಗೇ ಬೆಸೆದಿರುವುದರಿಂದ, ಬೋರ್ಡ್ ಬದಲಿಸಿದರೆ ಒಳಗಿನ ದಾಖಲೆಯೆಲ್ಲ ಅದರೊಂದಿಗೇ ಹೋಗುತ್ತದೆ ಎಂದರು. ಯಡೂರಿನಲ್ಲಿ ಕೃಷ್ಣೆಯ ನೀರು ಪ್ರತಿ ಮಳೆಗಾಲ ಸ್ನಾನಘಟ್ಟದ ಯಾವ ಮೆಟ್ಟಿಲು ಮುಟ್ಟಿತೆಂದು ನಾನು ಮೂವತ್ತು ವರ್ಷ ನಿಂತು ನೋಡಿ ಬರೆದದ್ದು ಅದರಲ್ಲಿತ್ತು. ಕಾಗದದ ಪ್ರತಿಯನ್ನು ಹಿಂದೊಮ್ಮೆ ಆ ನದಿಯೇ ಮನೆಗೆ ನುಗ್ಗಿ ಒಯ್ದಿತ್ತು. “ಹಳೇದ ಬಿಡ್ರಿ ಅಜ್ಜಾರ, ಹೊಸಾದ ತಗೋರಿ” ಎಂದ ಸೆಂಟರಿನವನು ಮುಖವನ್ನೂ ಎತ್ತಲಿಲ್ಲ.

ಸದಲಗಾದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಹೆಣ್ಣುಮಗಳು ಮೊದಲು ಸ್ಕ್ರೂ ಮೇಲಿನ ಸೀಲನ್ನು ನೋಡಿದಳು. “ಸೀಲ್ ಹರದಿಲ್ಲಲ್ರಿ. ಇದನ್ನ ಯಾರೂ ಬಿಚ್ಚೇ ಇಲ್ಲ.” ಆಮೇಲೆ ಬೋರ್ಡನ್ನು ಹೊರತೆಗೆದು, ಮೇಲೆ ಸ್ಪಿರಿಟ್ ಸವರಿ, ಸ್ವಲ್ಪವೇ ಕರೆಂಟ್ ಹಾಯಿಸಿ, ನನ್ನನ್ನು ಹತ್ತಿರ ಕರೆದಳು. “ಎಲ್ಲಿ ಮೊದಲ ಆರತೈತಿ ನೋಡ್ರಿ ಅಜ್ಜಾರ. ಬ್ಯಾನಿ ಇದ್ದಲ್ಲೇ ಮೈ ಬಿಸಿ ಇರತೈತಿ.” ಸಾಸಿವೆಗಿಂತ ಸಣ್ಣದೊಂದು ಕೆಪಾಸಿಟರ್ ಮೇಲಿನ ತೇವ ಎಲ್ಲಕ್ಕಿಂತ ಮೊದಲು ಆರಿತು. ಕೆಟ್ಟುಹೋದ ಅದು ಬೋರ್ಡಿಗೆ ಹೋಗಬೇಕಾದ ಕರೆಂಟನ್ನೆಲ್ಲ ತಾನೇ ನುಂಗುತ್ತಿತ್ತು. ಅದನ್ನು ಕಿತ್ತು ಹೊಸದನ್ನು ಕೂರಿಸಿದಳು. ಪರದೆ ಬೆಳಗಿ, ನಾನು ಬರೆದ ಮೊದಲ ವರ್ಷದ ಮೆಟ್ಟಿಲು ಕಣ್ಣೆದುರು ಬಂತು.

ಆ ಚೀಟಿಯನ್ನು ನಾನು ಎಸೆದಿಲ್ಲ. ಕೆಸರು ಮುಚ್ಚಿದ ಮೆಟ್ಟಿಲನ್ನೂ ಕೈಯಿಂದ ತಡವಿ ಎಣಿಸಿದ ಮೇಲೆಯೇ ದಾಖಲಿಸಿದವನು ನಾನು. ಸರ್ವಿಸ್ ಸೆಂಟರಿನವರೇ, ಮುಚ್ಚಳವನ್ನೇ ತೆರೆಯದ ನೀವು ‘ಪರೀಕ್ಷಿಸಲಾಗಿದೆ’ ಎಂದು ಸಹಿ ಹಾಕಿದ್ದು ಏನನ್ನು ಮುಟ್ಟಿ ನೋಡಿ?