ಧರ್ಮಣ್ಣನ ಕಿವಿ, ಕಾರಿನ ಹಳದಿ ದೀಪ

ಹಡಪಸರದಲ್ಲಿ ಸೋಲಾಪುರ ರಸ್ತೆಗೆ ಧರ್ಮಣ್ಣನ ಪಂಕ್ಚರ್ ಅಂಗಡಿ ಇದೆ. ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದವನು, ಲಾರಿಯವರ ಸಹವಾಸಕ್ಕೆ ಬಿದ್ದು ಇಲ್ಲೇ ಬೇರೂರಿದ. ಕಬ್ಬಿಣದ ಸಲಾಕೆಯಿಂದ ಟಯರಿಗೆ ಒಂದು ಏಟು ಕೊಟ್ಟು, ಸದ್ದು ಕೇಳಿಯೇ ಗಾಳಿ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಲಾರಿಯವರು ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದರು. ಎದುರಿಗೆ ಚಹಾದಂಗಡಿ ಇಟ್ಟ ನನಗೆ ಆ ಜಂಭ ನೋಡಿ ಮೈ ಉರಿಯುತ್ತಿತ್ತು.

ಈಚೆಗೆ ಅವನ ಕಿವಿ ಮಂದವಾಯಿತು. ಹೆಂಡತಿ ಶರಣಮ್ಮ ಕೂಗಿ ಕೂಗಿ ಸೋತಳು. ಡಾಕ್ಟರ ಹತ್ತಿರ ಹೋಗು ಎಂದರೆ ಸಿಡುಕುತ್ತಿದ್ದ. ಕಿವಿ ಹೋಯಿತೆಂದು ಒಪ್ಪಿದರೆ ಕಸುಬೇ ಹೋದಂತೆ ಎಂಬ ಭಯ ಅವನಿಗೆ.

ಅಷ್ಟರಲ್ಲಿ ಹೊಸ ಕಾರುಗಳು ಬಂದವು. ಅವುಗಳ ಪ್ರತಿ ಗಾಲಿಯೊಳಗೂ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಪುಟ್ಟದೊಂದು ಸೆನ್ಸರ್ ಇರುತ್ತದೆ. ಅದು ಗಾಳಿ ಅಳೆದು, ತಂತಿಯಿಲ್ಲದೆ ಸುದ್ದಿ ಕಳಿಸುತ್ತದೆ. ಗಾಳಿ ತೀರಾ ಇಳಿದರೆ ಡ್ರೈವರನ ಕಣ್ಣೆದುರು ಹಳದಿ ದೀಪ ಉರಿಯುತ್ತದೆ. ಕೆಲವು ವರ್ಷಕ್ಕೆ ಸೆನ್ಸರಿನ ಬ್ಯಾಟರಿ ಸಾಯುತ್ತದೆ. ಆಗ ಗಾಡಿ ಶುರು ಮಾಡಿದೊಡನೆ ಅದೇ ದೀಪ ಸ್ವಲ್ಪ ಹೊತ್ತು ಮಿಣುಕಿ, ಆಮೇಲೆ ಉರಿಯುತ್ತಲೇ ಇರುತ್ತದೆ. ಗ್ಯಾರೇಜಿಗೆ ಒಯ್ದು ಸೆನ್ಸರ್ ಬದಲಿಸಬೇಕು. ಮೊದಲು ಮಿಣುಕದೆ ನೇರ ಉರಿದರೆ ಗಾಳಿ ಕಡಿಮೆ ಎಂದೇ ಅರ್ಥ.

ಒಮ್ಮೆ ಒಬ್ಬ ಗಿರಾಕಿಯ ಕಾರಿನಲ್ಲಿ ದೀಪ ಮಿಣುಕಿತು. ಗಾಳಿ ಸರಿಯಿದೆ ಎಂದ ಧರ್ಮಣ್ಣ. ಗ್ಯಾರೇಜಿನವರೂ ಬ್ಯಾಟರಿ ಸತ್ತಿದೆ ಎಂದರು. ಅಲ್ಲಿಂದಾಚೆ ದೀಪ ಮಿಣುಕಲಿ, ಉರಿಯಲಿ, ಅವನ ಪಾಲಿಗೆ ಎಲ್ಲದಕ್ಕೂ ಬ್ಯಾಟರಿಯೇ ಕಾರಣ.

ಅವನ ಒಬ್ಬಳೇ ಮಗಳು ಶಿವಕಾಂತಾಳನ್ನು ಅಕ್ಕನ ಮಗ ಮಾಂತುವಿಗೇ ಕೊಟ್ಟಿದ್ದರು. ಮಾಂತು ಖರಾಡಿಯಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಹೋದ ಬೇಸಿಗೆಯಲ್ಲಿ ಇಬ್ಬರೂ ಊರಿಗೆ ಹೊರಟಾಗ ದೀಪ ಮಿಣುಕದೆ ಉರಿಯುತ್ತಿತ್ತು. ಅಂಗಡಿ ಮುಂದೆ ಕಾರು ನಿಲ್ಲಿಸಿದರು.

"ಮಾಮಾ, ಗಾಳಿ ಅಳಿಯೋ ಗೇಜ್ ಹಚ್ಚಿ ನೋಡ್ರಿ," ಎಂದ ಮಾಂತು.

ಧರ್ಮಣ್ಣನಿಗೆ ಸಿಟ್ಟು ಬಂತು. ಸಲಾಕೆ ಎತ್ತಿ ನಾಲ್ಕೂ ಗಾಲಿಗೆ ಬಡಿದ. "ಗಾಳಿ ಭರ್ತಿ ಅದ. ಬ್ಯಾಟರಿ ಸತ್ತದ. ನನಗೇ ಹೇಳಿಕೊಡ್ತಿ ಏನಲೇ?"

"ಅಪ್ಪ ಹೇಳ್ಯಾನಲ್ಲ, ನಡೀರಿ," ಎಂದಳು ಶಿವಕಾಂತಾ.

ಇಂದಾಪುರ ದಾಟಿದ ಮೇಲೆ, ಉರಿಬಿಸಿಲಲ್ಲಿ, ಗಾಳಿ ಇಳಿದು ಕಾದಿದ್ದ ಹಿಂದಿನ ಟಯರು ಸಿಡಿಯಿತು. ಕಾರು ಮಗುಚಿತು. ಮಾಂತು ಕೈ ಮುರಿದುಕೊಂಡು ಉಳಿದ. ಶಿವಕಾಂತಾ ಉಳಿಯಲಿಲ್ಲ. ಚೆನ್ನಾಗಿಲ್ಲ ಎಂದು ನನ್ನ ಚಹಾಕ್ಕೆ ಹೆಸರಿಡುತ್ತಲೇ ಎರಡು ಲೋಟ ಕುಡಿಯುತ್ತಿದ್ದ ಹುಡುಗಿ. 

ದಿನಕರ್ಮ ಮುಗಿದ ಮೇಲೆ ಧರ್ಮಣ್ಣ ಗ್ಯಾರೇಜಿಗೆ ಹೋಗಿ ದೀಪದ ವಿಷಯ ಕೇಳಿ ತಿಳಿದುಕೊಂಡು ಬಂದ. ಅಳಿಯನನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರಿಸಿದ. ಆ ಜಂಭವೆಲ್ಲ ಎಲ್ಲಿ ಹೋಗಿತ್ತೋ.

"ಖರೇ ಹೇಳು ಮಾಂತೂ. ದೀಪ ಮಿಣುಕಿತ್ತೋ, ಹಂಗೇ ಉರೀತಿತ್ತೋ?"

ಮಿಣುಕಿದ್ದರೆ ಅವನು ಹೇಳಿದ್ದು ಸರಿ. ಉರಿಯುತ್ತಿದ್ದರೆ ಮಗಳನ್ನು ಸಾವಿಗೆ ಕಳಿಸಿದವನು ಅವನೇ.

ಮಾಂತು ನೆಲ ನೋಡುತ್ತ, "ಮಿಣುಕಿತ್ತು ಮಾಮಾ," ಎಂದ ಮೆಲ್ಲಗೆ.

"ಏನಂದಿ?" ಧರ್ಮಣ್ಣ ಕಿವಿ ಮುಂದೆ ತಂದ.

ಹೆಂಡತಿಯನ್ನು ಕಳೆದುಕೊಂಡ ಆ ಹುಡುಗ ಎದ್ದು ನಿಂತು, ದಾರಿಹೋಕರೆಲ್ಲ ತಿರುಗಿ ನೋಡುವಂತೆ, ಆ ಸುಳ್ಳನ್ನು ಮತ್ತೆ ಮತ್ತೆ ಕೂಗಿ ಹೇಳಬೇಕಾಯಿತು.