ಎಂಜಲು ತೋಟೆ

ನನ್ನ ಮೇಜಿನ ಮೇಲೆ ಊದುಬತ್ತಿ ಸಿಕ್ಕಿಸುವುದಕ್ಕೆಂದು ಮರಳು ತುಂಬಿಟ್ಟ ಒಂದು ಗಿಡ್ಡ ಹಿತ್ತಾಳೆಯ ಕೊಳವೆ ಇದೆ. ಮೊನ್ನೆ ಮನೆಗೆ ಬಂದ ವಾಸುದೇವರಾಯರು ಅದನ್ನು ತಿರುವಿ ತಿರುವಿ ನೋಡಿ, "ಲಾಯ್ಕುಂಟಲ್ಲ ಮಾರಾಯ! ಎಲ್ಲಿ ಸಿಕ್ಕಿತು? ಟಿ. ನಗರದಲ್ಲಾ?" ಎಂದು ಕೇಳಿದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಒಂದು ಊದುಬತ್ತಿಯ ಗೂಡಿಗಾಗಿ ಇಷ್ಟು ಕ್ರೋಧವೇ ಎಂದು ನೀವು ಹುಬ್ಬೇರಿಸಬಹುದು. ಸ್ವಲ್ಪ ಕುಳಿತು ಕೇಳಿ, ಆಮೇಲೆ ನನ್ನನ್ನು ಬೈಯಿರಿ.

ನನ್ನ ಸೋದರಮಾವ ಅನಂತಯ್ಯ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದರು. ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆಯನ್ನು ಕೂಡ ಊದಿ ಓಡಿಸುವ ಆ ಪರಮ ಸಾತ್ವಿಕ ಜೀವಿಯ ಬಳಿ, ನಂಬಿದರೆ ನಂಬಿ, ಜೋಡುನಳಿಗೆಯ ಕೋವಿಯೊಂದಿತ್ತು. ಕುಂದಾಪುರದ ಕಡೆಯ ಗದ್ದೆಯಲ್ಲಿ ಹಂದಿ ಬೆದರಿಸುತ್ತಿದ್ದ ಅಜ್ಜನ ಆಸ್ತಿಯದು; ರುಬ್ಬುಗುಂಡು, ಇಡ್ಲಿ ಅಟ್ಟದ ಜೊತೆಗೆ ಲೈಸನ್ಸ್ ಸಮೇತ ಮದರಾಸಿಗೆ ಬಂದಿತ್ತು. ಮದುವೆಯಾದ ಅಳಿಯ ಮೊದಲ ಸಲ ಹೊಸಿಲು ದಾಟುವ ಮುನ್ನ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹೊಡೆಯಬೇಕು, ಆಮೇಲೆಯೇ ಬಾಳೆಲೆ. ಇದು ನಮ್ಮ ಮನೆತನದ ಪದ್ಧತಿ. ಹಂದಿಗಳಿಲ್ಲದ ಮದರಾಸಿನಲ್ಲಿ ಇದೇಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಕೋವಿಯ ನಳಿಗೆ ಈ ಕಾಲದ್ದಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಚಕ್ಕುಲಿಯ ಹಾಗೆ ಸುತ್ತಿ ಬೆಸೆದು ಮಾಡಿದ್ದು. ಅಂಗಡಿಯ ಹೊಸ ತೋಟೆಯ, ಅಂದರೆ ಕಾಡತೂಸಿನ, ರಭಸಕ್ಕೆ ಬೆಸುಗೆ ಬಿಟ್ಟರೆ ಹಿಡಿದವನ ಕೈ ಹಿಡಿದವನದಾಗಿ ಉಳಿಯುವುದಿಲ್ಲ. ಆದ್ದರಿಂದ ಮಾವ ತಿಂಡಿಯ ಗಿರಾಕಿಗಳು ಹೋಗಿ ಊಟದವರು ಬರುವ ನಡುವಣ ಬಿಡುವಿನಲ್ಲಿ, ಒಲೆಯಿಂದ ದೂರ ಹಿತ್ತಿಲಿನಲ್ಲಿ ಕುಳಿತು, ಒಮ್ಮೆ ಹೊಡೆದಿಟ್ಟ ಹಿತ್ತಾಳೆ ತೋಟೆಯ ಬುಡಕ್ಕೆ ಕಿಡಿ ಹುಟ್ಟಿಸುವ ಹೊಸ ಕೇಪು ಕೂರಿಸಿ, ಹಳೆಯ ಕರಿಮದ್ದನ್ನು ಹದವಾಗಿ ಹಾಕಿ, ಯಾರದೋ ಉಣ್ಣೆಟೋಪಿಯಿಂದ ಕತ್ತರಿಸಿದ ಬಿಲ್ಲೆಯನ್ನು ಮೇಲೆ ಅದುಮುತ್ತಿದ್ದರು. ಸೀಸದ ಚರೆ ಹಾಕುತ್ತಿರಲಿಲ್ಲ, ಸದ್ದಷ್ಟೇ ಸಾಕು. ನಳಿಗೆಯನ್ನು ದಾರಕ್ಕೆ ತೂಗುಹಾಕಿ, ತೆಂಗಿನಕಾಯಿ ತಟ್ಟಿ ನೋಡುವವರಂತೆ ಬೆರಳಿನಿಂದ ತಟ್ಟಿ, ನಾದ ಕೇಳಿ ತಲೆದೂಗುತ್ತಿದ್ದರು. "ಮುದಿ ಜೀವ ಮಾರಾಯ. ತಡೆಯುವಷ್ಟೇ ಬಡಿಸಬೇಕು," ಎನ್ನುತ್ತಿದ್ದರು.

ಮಾವನ ಒಬ್ಬಳೇ ಮಗಳು ಸುಮತಿಯ ಮದುವೆ ಬಂತು. ಠಾಣೆಯ ಏಟು, ಎಂದರೆ ಹೆಡ್ ಕಾನ್‌ಸ್ಟೇಬಲ್ಲು, ಬಂದು, ಕಾಫಿ ಕುಡಿದು, "ಒರು ವೆಡಿ ದಾನ್ ಸಾಮಿ, ರೆಂಡಾವದು ಕೂಡಾದು" ಎಂದು ಒಂದೇ ಈಡಿಗೆ ಅಪ್ಪಣೆ ಕೊಟ್ಟು, ತಮಾಷೆ ನೋಡಲು ತಾನೂ ನಿಂತ. ಅಳಿಯ ರಾಘು ಅಂಗಳದಲ್ಲಿ ನಿಂತಿದ್ದಾನೆ. ಮಾವ ತಮ್ಮ ಕೈಯಾರೆ ತುಂಬಿದ ತೋಟೆಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ತಂದಿದ್ದಾರೆ. ಆಗ ಎದ್ದರು ನೋಡಿ, ವರನ ದೊಡ್ಡಪ್ಪ, ಎಗ್ಮೋರಿನ ಯಾವುದೋ ಕಚೇರಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಇದೇ ವಾಸುದೇವರಾಯರು!

"ಒಮ್ಮೆ ಹೊಡೆದ ತೋಟೆಯಾ? ನಮ್ಮ ಮಾಣಿಗೆ ಎಂಜಲು ತೋಟೆ ಕೊಡುದಾ ನೀವು?"

ಎಂಜಲು ತೋಟೆ! ಅನ್ನಕ್ಕೆ ಎಂಜಲುಂಟು, ನೀರಿಗೆ ಎಂಜಲುಂಟು. ಬೆಂಕಿಯಲ್ಲಿ ಮಿಂದು ಬಂದ ಹಿತ್ತಾಳೆಗೂ ಎಂಜಲನ್ನು ಅಂಟಿಸಿದ ಆ ಮಹಾಮಡಿವಂತಿಕೆಗೆ ಏನೆನ್ನಲಿ? ಹೀಗೆಂದು ಘೋಷಿಸಿದ ಆ ಪುಣ್ಯಾತ್ಮರು ಕೈಯಲ್ಲಿ ಹಿಡಿದಿದ್ದು ಯಾವುದು? ಬೆಳಗಿನಿಂದ ಊರಿನವರ ತುಟಿಗೆಲ್ಲ ತಗುಲಿ, ತೊಳೆಸಿಕೊಂಡು, ಮತ್ತೆ ತುಂಬಿಸಿಕೊಂಡು ಬಂದ ನಮ್ಮ ಹೋಟೆಲಿನ ಕಾಫಿ ಲೋಟ! ಹೇಳಿಯೇಬಿಡೋಣ ಎಂದು ನಾನು ಬಾಯಿ ತೆರೆದೆ. ಮಾವ ನನ್ನ ಕೈ ಅದುಮಿ, "ಬೀಗರು ಮಾರಾಯ, ಸುಮ್ಮನಿರು," ಎಂದರು.

ರಾಯರು ಮೌಂಟ್ ರೋಡಿನಿಂದ ತಂದಿದ್ದ ಮಿರಮಿರ ಮಿಂಚುವ ಹೊಸ ತೋಟೆಗಳನ್ನು ಜೇಬಿನಿಂದ ತೆಗೆದು ತಟ್ಟೆಯಲ್ಲಿಟ್ಟರು. ನಳಿಗೆ ಹಳೆಯದು, ತಡೆಯಲಾರದು ಎಂದು ಮಾವ ಬಿನ್ನವಿಸಿದರೆ, "ಎಂತದೂ ಆಗುದಿಲ್ಲ" ಎಂದರು. ಈ "ಎಂತದೂ ಆಗುದಿಲ್ಲ" ಪಂಗಡದವರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸುವವರು ಇವರೇ, ತುಂಬಿದ ಬಸ್ಸಿನ ಮೆಟ್ಟಿಲಿಗೆ ಇನ್ನೊಬ್ಬನನ್ನು ನೇತುಹಾಕುವವರೂ ಇವರೇ. ಆಗುವುದು ಯಾವಾಗಲೂ ಇನ್ನೊಬ್ಬರಿಗೆ ತಾನೆ! ಕೊನೆಗೆ ರಾಯರು ತೀರ್ಪು ಕೊಟ್ಟರು: ಹೊಸ ತೋಟೆ ಹೊಡೆದರೆ ಊಟ, ಇಲ್ಲವಾದರೆ ಮಾಣಿಯನ್ನು ಕರೆದುಕೊಂಡು ದಿಬ್ಬಣ ಈಗಲೇ ವಾಪಸು. ಆಗಷ್ಟೇ ತಾಳಿ ಕಟ್ಟಿಸಿಕೊಂಡ ಸುಮತಿಯ ಮುಖ ಬಿಳಿಚಿಕೊಂಡಿತು.

ಮಾವ ತಟ್ಟೆಯನ್ನು ನೋಡಿದರು, ಮಗಳನ್ನು ನೋಡಿದರು, ಅಳಿಯನ ಕೈಯನ್ನು ನೋಡಿದರು. ಆಮೇಲೆ ಹೊಸ ತೋಟೆಗಳನ್ನು ಎತ್ತಿಕೊಂಡು, ಊಟಕ್ಕೆಂದು ಇಟ್ಟಿದ್ದ ಮಜ್ಜಿಗೆಯ ಕೊಳಗಕ್ಕೆ ಮೆಲ್ಲನೆ ಬಿಟ್ಟರು.

"ಕ್ಷಮಿಸಬೇಕು ರಾಯರೇ. ನಿಮ್ಮ ಸಿಟ್ಟು ನಾನು ತಡ್ಕೊಳ್ತೇನೆ. ಮಾಣಿಯ ಕೈ ಹೋದ್ರೆ ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ."

ಏಟು ಕೂಡ ಟೋಪಿ ತೆಗೆದ. ರಾಯರು ಶಾಲು ಕೊಡವಿಕೊಂಡು ಹೊರಡಲೆಂದು ತಿರುಗಿದಾಗ, ರಾಘು ಕೈ ಚಾಚಿದ. "ಕೊಡಿ ಮಾವ. ಈಗ ಊಟಕ್ಕೆ ಕೂತರೆ ನಾನು ಉಂಡೆದ್ದ ಎಲೆಯಲ್ಲಿ ಸುಮತಿ ಉಣ್ಣುದಲ್ವಾ? ನನಗೆ ಒಂದು ಎಂಜಲು ತೋಟೆ ಹೆಚ್ಚಾಯ್ತಾ, ದೊಡ್ಡಪ್ಪ?"

ಢಂ ಎಂದಿತು. ಮಾಂಬಲಂನ ಕಾಗೆಗಳೆಲ್ಲ ಎದ್ದವು. ಬಿಳಿಯ ಹೊಗೆ ರಾಯರನ್ನು ಶಾಲಿನ ಸಮೇತ ನುಂಗಿತು. ಹೊಗೆ ಕರಗುವ ಹೊತ್ತಿಗೆ ಅವರು ಎಲೆಯ ಮುಂದೆ ಕುಳಿತಿದ್ದರು. ಆ ದಿನ ಯಾರಿಗೂ ಮಜ್ಜಿಗೆ ಇರಲಿಲ್ಲ.

ಮಾವ ಈಗಿಲ್ಲ, ಕೋವಿಯನ್ನು ಠಾಣೆಗೆ ಒಪ್ಪಿಸಿದ್ದಾಯಿತು. ರಾಘು ಅದೇ ಕೈಗಳಿಂದ ದಿನಾ ಬೆಳಿಗ್ಗೆ ಮಗಳಿಗೆ ಜಡೆ ಹೆಣೆಯುತ್ತಾನೆ. ತೋಟೆಯನ್ನು ಸುಮತಿ ನನಗೆ ಕೊಟ್ಟಳು, ಅದರ ಜೊತೆಗೆ ಆವತ್ತು ಮಾವ ಅದುಮಿದ ನನ್ನ ಕಾಫಿ ಲೋಟದ ಮಾತು ಕೂಡ ಇಷ್ಟು ವರ್ಷ ನನ್ನೊಳಗೆ ಒಣಗಿಕೊಂಡು ಕೂತಿತ್ತು. ಹೊಡೆಯುವುದಕ್ಕೆ ಮೊನ್ನೆಗಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಕ್ಕೀತು? ಆದರೆ ರಾಯರ ಕಡೆ ತಿರುಗಿ ನೋಡಿದರೆ, ಕಣ್ಣಿಗೆ ಪೊರೆ, ಹಿತ್ತಾಳೆಯನ್ನು ಹಿಡಿದ ಬೆರಳುಗಳಲ್ಲಿ ನಡುಕ, ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿಲ್ಲ. ಎಲಾ ಇವರ, ಕೋಪ ಮಾಡಿಕೊಳ್ಳುವುದಕ್ಕೂ ಬಿಡಲಿಲ್ಲವಲ್ಲ ಎಂದು ಮತ್ತಷ್ಟು ಕೋಪ ಬಂತು. ಮಾವ ನಳಿಗೆ ತಟ್ಟಿ ಕಿವಿಗೊಡುತ್ತಿದ್ದುದು ನೆನಪಾಯಿತು. ಸಿದ್ಧವಾಗಿಟ್ಟಿದ್ದ ಮಾತಿನ ಮದ್ದಿನಲ್ಲಿ ಮುಕ್ಕಾಲುಪಾಲು ಸುರಿದುಬಿಟ್ಟು, ಚರೆಯನ್ನೂ ತೆಗೆದು, ಮೆಲ್ಲಗೆ ಅಂದೆ: "ಅಂಗಡಿಯದ್ದಲ್ಲ ರಾಯರೇ. ಸುಮತಿಯ ಮದುವೆಯದ್ದು. ಆ ಎಂಜಲು ತೋಟೆ."

ಅವರು ಅದನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಆರಿದ್ದ ಊದುಬತ್ತಿಯನ್ನು ತಾವೇ ತೆಗೆದು ಹೊಸದೊಂದನ್ನು ಸಿಕ್ಕಿಸಿದರು. ತಮ್ಮ ಖಾಲಿ ಲೋಟವನ್ನು ನನ್ನ ಹೆಂಡತಿಯತ್ತ ಚಾಚಿ, "ಇನ್ನರ್ಧ ಕಾಫಿ ಸಿಕ್ಕೀತಾ ಅಮ್ಮ?" ಎಂದರು. ಅವಳು ತೊಳೆದ ಲೋಟ ತರಲು ಎದ್ದಳು.

"ಬೇಡ ಬೇಡ," ಎಂದರು ರಾಯರು, "ಇದಕ್ಕೇ ಹಾಕು."